ಗಾಸಮರ್: ಗಾಳಿಗೆ ಬಿಟ್ಟ ಎಳೆಯ ಹೆಸರು

1741ರ ಸೆಪ್ಟೆಂಬರ್ 21. ದಕ್ಷಿಣ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಯಾರದೋ ಮನೆಗೆ ಅತಿಥಿಯಾಗಿ ಹೋಗಿದ್ದ ಗಿಲ್ಬರ್ಟ್ ವೈಟ್ ಎಂಬ ಇಪ್ಪತ್ತೊಂದರ ಹುಡುಗ, ಬೆಳಕು ಹರಿಯುವ ಮೊದಲೇ ನಾಯಿಗಳನ್ನು ಕರೆದುಕೊಂಡು ಬೇಟೆಗೆ ಹೊರಟ. ಕೊಯ್ಲು ಮುಗಿದ ಕೂಳೆ ಹೊಲಗಳ ಮೇಲೂ ಮೇವಿನ ಬಯಲಿನ ಮೇಲೂ ಜೇಡನ ನೂಲು ಒತ್ತಾಗಿ ಹಾಸಿಕೊಂಡಿತ್ತು, ಅದರ ತುಂಬ ಇಬ್ಬನಿ. ಕಣ್ಣು ಮೂತಿಗೆಲ್ಲ ನೂಲು ಮೆತ್ತಿಕೊಂಡು ದಾರಿ ಕಾಣದಾದ ನಾಯಿಗಳು ನೆಲದ ಮೇಲೆ ಮಲಗಿ ಮುಂಗಾಲಿನಿಂದ ಮುಖ ಕೆರೆದುಕೊಳ್ಳತೊಡಗಿದವು. ಬೇಟೆ ಕೆಟ್ಟಿತು, ವೈಟ್ ಮನೆಗೆ ಮರಳಿದ. ಒಂಬತ್ತು ಗಂಟೆಯ ಹೊತ್ತಿಗೆ ಇನ್ನೊಂದು ಸೋಜಿಗ ಶುರುವಾಯಿತು. ಬಹು ಎತ್ತರದಿಂದ ಅದೇ ನೂಲು ಉದುರತೊಡಗಿತು, ಸಂಜೆಯವರೆಗೂ ನಿಲ್ಲಲಿಲ್ಲ. ಬಿಡಿ ಬಿಡಿ ಎಳೆಗಳೂ ಅಲ್ಲ, ಒಂದಂಗುಲ ಅಗಲ, ಐದಾರು ಅಂಗುಲ ಉದ್ದದ ಚಿಂದಿಗಳು. ಬಿಸಿಲು ತಾಗಿದ ಕಡೆ ಮಿನುಗುತ್ತ ಇಳಿಯುತ್ತಿದ್ದವು. ಬ್ರಾಡ್ಲಿ, ಸೆಲ್ಬೋರ್ನ್, ಆಲ್ರೆಸ್‌ಫರ್ಡ್ ಎಂಬ ಮೂರು ಊರುಗಳ ನಡುವಣ ತ್ರಿಕೋನದಲ್ಲಿ ಈ ಮಳೆ ಬಿತ್ತು. ಆ ತ್ರಿಕೋನದ ಅತಿ ಚಿಕ್ಕ ಮಗ್ಗುಲೇ ಸುಮಾರು ಎಂಟು ಮೈಲಿ.

ಆ ನೂಲಿಗೆ ಇಂಗ್ಲಿಷಿನವರ ಹೆಸರು ಗಾಸಮರ್. ವೈಟ್ ಮುಂದೆ ಪಾದ್ರಿಯಾದ. ಅವನ ಸೆಲ್ಬೋರ್ನಿನ ನಿಸರ್ಗ ಚರಿತ್ರೆ 1789ರಲ್ಲಿ ಅಚ್ಚಾಯಿತು. ಇಂಗ್ಲಿಷ್ ಗದ್ಯದ ದೊಡ್ಡ ಪುಸ್ತಕಗಳಲ್ಲಿ ಅದೂ ಒಂದು. ಅದರಲ್ಲಿ ಈ ದಿನಕ್ಕೇ ಮೀಸಲಾದ ಪತ್ರವೊಂದಿದೆ.

ಇವತ್ತು ಇಂಗ್ಲಿಷ್ ಓದುವವರಿಗೆ ಈ ಪದ ಹೊಲದಲ್ಲಿ ಸಿಗುವುದಿಲ್ಲ. ಮದುವೆ ಸೀರೆಯ ಜಾಹೀರಾತಿನಲ್ಲಿ ಸಿಗುತ್ತದೆ, ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ವರ್ಣನೆಯಲ್ಲಿ ಸಿಗುತ್ತದೆ, ಪುಸ್ತಕ ವಿಮರ್ಶೆಯಲ್ಲಂತೂ ಬೇಡವೆಂದರೂ ಸಿಗುತ್ತದೆ. ಗಾಸಮರ್ ಸೆರಗು, ಗಾಸಮರ್ ರೆಕ್ಕೆ, ಗಾಸಮರ್ ಗದ್ಯ. ತೆಳ್ಳಗಿದ್ದು ಬೆಳಕು ಹಾಯಿಸುವ ಯಾವುದಕ್ಕಾದರೂ ಅಂಟಿಸಬಹುದಾದ ವಿಶೇಷಣವಾಗಿ ಇದು ಬಳಕೆಯಲ್ಲಿದೆ. ಕೋಶಗಳಲ್ಲಿ ಇದರ ಪಕ್ಕ ಸಾಮಾನ್ಯವಾಗಿ ಕೋಮಲ, ಸೂಕ್ಷ್ಮ, ನಾಜೂಕು ಎಂಬ ಅರ್ಥದ ಪದಗಳಿರುತ್ತವೆ. ಅವು ತಪ್ಪೇನಲ್ಲ. ಆದರೆ ಪದದ ಹುಟ್ಟನ್ನೂ ಅದರ ಒಳ್ಳೆಯ ಪ್ರಯೋಗಗಳನ್ನೂ ಹಿಂಬಾಲಿಸಿದವರಿಗೆ ಬೇರೆಯದೇ ತಿಳಿಯುತ್ತದೆ: ಮುಟ್ಟಿದರೆ ಮುರಿಯುವ ವಸ್ತುವಿಗೆ ಹುಟ್ಟಿದ ಪದ ಇದಲ್ಲ. ತನ್ನ ಭಾರವನ್ನು ಗಾಳಿಗೆ ಒಪ್ಪಿಸಿ ದೂರ ಸಾಗುವ ವಸ್ತುವಿಗೆ ಹುಟ್ಟಿದ್ದು. ಈ ಉಪನ್ಯಾಸದ ವಾದ ಇಷ್ಟೇ. ಉಳಿದದ್ದು ಅದಕ್ಕೆ ಸಾಕ್ಷಿ.

ಪದವನ್ನು ಬಿಡಿಸಿದರೆ ಒಳಗಿಂದ ಹೆಬ್ಬಾತು ಹೊರಬರುತ್ತದೆ. ಗೂಸ್ ಎಂದರೆ ಹೆಬ್ಬಾತು, ಸಮರ್ ಎಂದರೆ ಬೇಸಿಗೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ಎರಡೂ ಕೂಡಿ ‘ಗೊಸೊಮರ್’ ಆಗಿ, ಬಾಯಿಂದ ಬಾಯಿಗೆ ಸವೆದು ಗಾಸಮರ್ ಆಯಿತು. ಹೆಬ್ಬಾತಿನ ಬೇಸಿಗೆ ಎಂದರೇನು? ಉತ್ತರ ಯುರೋಪಿನಲ್ಲಿ ಚಳಿ ಕಚ್ಚಿ ಹಿಡಿಯುವ ಮುನ್ನ ನಾಲ್ಕಾರು ದಿನ ಬಿಸಿಲು ತಿರುಗಿ ಬರುವುದುಂಟು. ಗಾಳಿ ತಣ್ಣಗೆ ನಿಂತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದ ಆಸುಪಾಸಿನ ಇಂಥ ದಿನಗಳಿಗೆ ಸಂತ ಮಾರ್ಟಿನನ ಬೇಸಿಗೆ ಎಂಬ ಹೆಸರೂ ಇದೆ. ಕೂಳೆ ಹೊಲದಲ್ಲಿ ಉದುರಿದ ಕಾಳು ತಿಂದು ಕೊಬ್ಬಿದ ಹೆಬ್ಬಾತುಗಳನ್ನು ಕೊಯ್ದು ತಿನ್ನುವ ಕಾಲವೂ ಅದೇ. ಹಳೆಯ ಜರ್ಮನ್ನಿನಲ್ಲಿ ನವೆಂಬರ್‌ಗೆ ‘ಹೆಬ್ಬಾತಿನ ತಿಂಗಳು’ ಎಂದೇ ಹೆಸರಿತ್ತು. ಮಾರ್ಟಿನನನ್ನು ಬಿಷಪ್ ಮಾಡಲು ಜನ ಹುಡುಕಿಕೊಂಡು ಬಂದಾಗ ಆತ ತಪ್ಪಿಸಿಕೊಂಡು ಹೆಬ್ಬಾತುಗಳ ನಡುವೆ ಅಡಗಿದನಂತೆ. ಅವು ಕೂಗೆಬ್ಬಿಸಿ ಹಿಡಿದುಕೊಟ್ಟವಂತೆ. ಆ ತಪ್ಪಿಗೆ ಅವು ಈಗಲೂ ಪ್ರತಿ ನವೆಂಬರಿನಲ್ಲಿ ದಂಡ ತೆರುತ್ತಿವೆ.

ಹೀಗೆ ಋತುವಿನ ಹೆಸರಾಗಿದ್ದದ್ದು ಆ ಋತುವಿನಲ್ಲಿ ಕಣ್ಣಿಗೆ ಬೀಳುವ ನೂಲಿಗೆ ದಾಟಿಕೊಂಡಿತು ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪುವ ವಿವರಣೆ. ಹೆಬ್ಬಾತಿನ ಎದೆಯ ತುಪ್ಪುಳಕ್ಕೂ ಈ ನೂಲಿಗೂ ಇರುವ ಹೋಲಿಕೆಯಿಂದ ಹೆಸರು ಬಂದಿರಬಹುದು ಎನ್ನುವವರೂ ಇದ್ದಾರೆ. ಮೊದಲನೆಯದಕ್ಕೆ ನೆರೆಹೊರೆಯ ಭಾಷೆಗಳ ಬೆಂಬಲವಿದೆ. ಜರ್ಮನ್ನಿನಲ್ಲಿ ಈ ನೂಲು ‘ಹಾರುವ ಬೇಸಿಗೆ’, ಸ್ವೀಡಿಷ್‌ನಲ್ಲಿ ‘ಬೇಸಿಗೆ ನೂಲು’, ಪೋಲಿಷ್‌ನಲ್ಲಿ ‘ಹೆಂಗಸರ ಬೇಸಿಗೆ’. ಪೋಲಿಷರ ‘ಬಾಬ್ಯೆ ಲಾತೊ’ ಎಂಬ ಆ ಹೆಸರು ನೂಲಿಗೂ ಸಲ್ಲುತ್ತದೆ, ಹವೆಗೂ ಸಲ್ಲುತ್ತದೆ. ಫ್ರೆಂಚರು ಮಾತ್ರ ಋತುವನ್ನು ಬಿಟ್ಟು ಭಕ್ತಿಯ ದಾರಿ ಹಿಡಿದರು. ಅವರಿಗೆ ಇದು ಕನ್ಯೆ ಮೇರಿಯ ನೂಲು. ಮೇರಿ ಸ್ವರ್ಗಕ್ಕೆ ಏರಿಹೋಗುವಾಗ ಅವಳ ಶವವಸ್ತ್ರದಿಂದ ಕಳಚಿ ಬಿದ್ದ ಎಳೆಗಳಿವು ಎಂಬ ಜನಪದ ಕತೆ ಯುರೋಪಿನ ಹಲವೆಡೆ ಇದೆ.

ಜರ್ಮನ್ನರು ಈ ಹವೆಗೆ ‘ಮುದುಕಿಯರ ಬೇಸಿಗೆ’ ಎಂದೂ ಹೇಳುತ್ತಾರೆ. ಆ ಹೆಸರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಹವಾಮಾನ ಇಲಾಖೆ ಹಾಗೆ ಬಳಸುವುದು ವಯಸ್ಸಾದ ಹೆಂಗಸರಿಗೆ ಅವಮಾನ ಎಂದು ವೃದ್ಧೆಯೊಬ್ಬರು ದಾವೆ ಹೂಡಿದರು. 1989ರಲ್ಲಿ ಡಾರ್ಮ್‌ಸ್ಟಾಟ್ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ಪದದಲ್ಲಿ ಅಡಗಿರುವುದು ಮುದುಕಿ ಅಲ್ಲವೇ ಅಲ್ಲ, ನೇಯುವುದು ಎಂಬರ್ಥದ ಹಳೆಯ ಧಾತು ಎಂಬ ವಾದವೂ ಜರ್ಮನ್ ವಿದ್ವಾಂಸರಲ್ಲಿ ಉಂಟು.

ಹೆಸರೇನೋ ಇತ್ತು, ವಸ್ತು ಏನೆಂದು ಯಾರಿಗೂ ಗೊತ್ತಿರಲಿಲ್ಲ. 14ನೇ ಶತಮಾನದ ಕೊನೆಯಲ್ಲಿ ಚಾಸರ್ ಕ್ಯಾಂಟರ್ಬರಿ ಕತೆಗಳಲ್ಲಿ ಜನ ತಲೆಕೆಡಿಸಿಕೊಳ್ಳುವ ಸಂಗತಿಗಳನ್ನು ಹೆಸರಿಸುತ್ತಾನೆ. ಅಲ್ಲಿ ಗುಡುಗು, ಕಡಲಿನ ಏರಿಳಿತ, ಮಂಜು ಇವುಗಳ ಸಾಲಿನಲ್ಲಿ ಗಾಸಮರ್ ಕೂಡ ಇದೆ. ಇನ್ನೂರು ವರ್ಷ ಕಳೆದರೂ ಒಗಟು ಬಿಡಲಿಲ್ಲ. ಬಿಸಿಲಿಗೆ ಸುಟ್ಟು ಒಣಗಿದ ಇಬ್ಬನಿಯೇ ಈ ನೂಲು ಎಂದು ಕವಿ ಸ್ಪೆನ್ಸರ್ ‘ಫೇರಿ ಕ್ವೀನ್’ನಲ್ಲಿ ಬರೆದ; ಮೋಹಿನಿಯೊಬ್ಬಳ ತೆಳು ಮುಸುಕನ್ನು ಬಣ್ಣಿಸುವ ಜಾಗದಲ್ಲಿ. ಅದು ಕವಿಯ ಕಲ್ಪನೆಯಷ್ಟೇ ಅಲ್ಲ, ಆ ಕಾಲದ ತಿಳಿವಳಿಕೆಯೂ ಹೌದು. ಸೂಕ್ಷ್ಮದರ್ಶಕದ ಹಿಂದೆ ಕೂತಿದ್ದ ರಾಬರ್ಟ್ ಹೂಕ್‌ನಂಥ ವಿಜ್ಞಾನಿಯೇ 1665ರ ‘ಮೈಕ್ರೊಗ್ರಾಫಿಯಾ’ದಲ್ಲಿ, ಬೇಸಿಗೆಯ ದೊಡ್ಡ ಬಿಳಿ ಮೋಡಗಳೂ ಇದೇ ವಸ್ತುವಿನಿಂದ ಆಗಿರಬಹುದು ಎಂದು ಊಹಿಸಿದ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಕೋಶದಲ್ಲಿ ಶರತ್ಕಾಲದ ಜೇಡರ ನೂಲು ಎಂಬ ಅರ್ಥ ಕೊಟ್ಟ, ಸರಿ. ಪದದ ಮೂಲ ಹುಡುಕಲು ಹೋಗಿ ಲ್ಯಾಟಿನ್ನಿನ ಹತ್ತಿಯನ್ನು ತಬ್ಬಿಕೊಂಡ. ಹತ್ತಿ ಗಿಡದ ಸಸ್ಯಶಾಸ್ತ್ರೀಯ ಹೆಸರಾದ ಗಾಸಿಪಿಯಂಗೂ ಗಾಸಮರ್‌ಗೂ ಉಚ್ಚಾರದ ಸಾಮೀಪ್ಯ ಬಿಟ್ಟರೆ ಬೇರೆ ನಂಟಿಲ್ಲ.

ಇಷ್ಟೆಲ್ಲ ಊಹೆಗಳ ನಡುವೆ ಜೇಡವನ್ನೇ ಕೂತು ನೋಡಿದವರೂ ಇದ್ದರು. 17ನೇ ಶತಮಾನದಲ್ಲಿ ಮಾರ್ಟಿನ್ ಲಿಸ್ಟರ್ ಎಂಬ ವೈದ್ಯ, ಪುಟ್ಟ ಜೇಡಗಳು ನೂಲು ಚಿಮ್ಮಿಸಿ ಗಾಳಿಗೆ ಏರುವುದನ್ನು ಕಂಡ. ಯಾರ್ಕ್ ಪಟ್ಟಣದ ದೊಡ್ಡ ಚರ್ಚಿನ ತುದಿಗೆ ಹತ್ತಿದ. ಅಲ್ಲಿಗೂ ಮೇಲೆ, ಇನ್ನೂ ಎತ್ತರದಲ್ಲಿ, ಎಳೆಗಳು ತೇಲುತ್ತಿದ್ದವು.

ಅಮೆರಿಕದಲ್ಲಿ ಇದನ್ನು ನೋಡಿದವನ ಕತೆ ಇನ್ನೂ ಸ್ವಾರಸ್ಯದ್ದು. 1723ರಲ್ಲಿ, ಇಪ್ಪತ್ತರ ಹರೆಯದ ಜೊನಾಥನ್ ಎಡ್ವರ್ಡ್ಸ್ ನ್ಯೂ ಇಂಗ್ಲೆಂಡಿನ ಹಾರುವ ಜೇಡಗಳ ಬಗ್ಗೆ ದೀರ್ಘ ಪತ್ರ ಬರೆದ. ಮರದಿಂದ ಮರಕ್ಕೆ ಅವು ಹೇಗೆ ಸಾಗುತ್ತವೆ, ನೂಲು ಹೇಗೆ ಗಾಳಿಯಲ್ಲಿ ಉದ್ದವಾಗುತ್ತದೆ ಎಂಬುದನ್ನು ಕಡ್ಡಿ ಆಡಿಸಿ ಪರೀಕ್ಷಿಸಿ ಬರೆದ ಪತ್ರ ಅದು. ಇದೇ ಎಡ್ವರ್ಡ್ಸ್ ಮುಂದೆ ಅಮೆರಿಕದ ಅತಿ ಪ್ರಭಾವಿ ಧರ್ಮಬೋಧಕನಾಗಿ 1741ರ ಜುಲೈಯಲ್ಲಿ, ವೈಟ್‌ನ ನೂಲಿನ ಮಳೆಗೆ ಎರಡೂವರೆ ತಿಂಗಳು ಮೊದಲು, ಎನ್‌ಫೀಲ್ಡ್ ಎಂಬ ಊರಿನಲ್ಲಿ ಒಂದು ಪ್ರವಚನ ಮಾಡಿದ. ಕೇಳುಗರು ನಡುಗಿ ಅತ್ತ ಪ್ರವಚನ. ನರಕದ ಬೆಂಕಿಯ ಮೇಲೆ ದೇವರು ಹಿಡಿದು ತೂಗಾಡಿಸುವ ಜೇಡದಂತೆ ಪಾಪಿ ಅದರಲ್ಲಿ ಬರುತ್ತಾನೆ. ಬೀಳುವ ಬಂಡೆಯನ್ನು ಜೇಡರ ಬಲೆ ತಡೆಯಲಾರದು, ಮನುಷ್ಯನ ಪುಣ್ಯವೂ ಹಾಗೆಯೇ ಎಂಬ ಹೋಲಿಕೆಯೂ ಬರುತ್ತದೆ. ಆ ನೂಲಿನ ಚಾತುರ್ಯವನ್ನು ಅಷ್ಟು ಹತ್ತಿರದಿಂದ ಕಂಡವನೇ ಅದನ್ನು ದೌರ್ಬಲ್ಯದ ಗುರುತಾಗಿ ವೇದಿಕೆಗೆ ತಂದ. ವೇದಿಕೆಗೆ ಬೇಕಾದ ರೂಪಕ ಬೇರೆ, ಕಣ್ಣು ಕಂಡದ್ದು ಬೇರೆ.

ಅವನ ಪತ್ರದಲ್ಲಿ ಇನ್ನೊಂದು ಮಾತಿದೆ. ಪಡುವಣ ಗಾಳಿ ಜೇಡಗಳನ್ನು ಕಡಲಿಗೆ ಒಯ್ದು ಮುಳುಗಿಸುತ್ತದೆ, ಅವುಗಳ ಸಂತತಿ ಮಿತಿಮೀರದಂತೆ ದೇವರು ಮಾಡಿದ ಏರ್ಪಾಟು ಅದು ಎಂದು. ಕಡಲಿನ ಮೇಲೆ ಅವುಗಳ ಗತಿಯೇನೆಂದು ನೋಡಿದವನು ಚಾರ್ಲ್ಸ್ ಡಾರ್ವಿನ್. 1832ರ ನವೆಂಬರ್ 1ರಂದು ‘ಬೀಗಲ್’ ಹಡಗು ದಕ್ಷಿಣ ಅಮೆರಿಕದ ಪ್ಲಾಟಾ ನದಿಯ ಅಳಿವೆಯ ಬಳಿ, ನೆಲದಿಂದ ಅರವತ್ತು ಮೈಲಿ ದೂರದಲ್ಲಿತ್ತು. ಬೆಳಗಿನ ಗಾಳಿಯ ತುಂಬ ನೂಲಿನ ಚಿಂದಿ, ಹಾಯಿಹಗ್ಗಗಳ ಮೇಲೆಲ್ಲ ನೂಲು. ಅಂಗುಲದ ಹತ್ತನೇ ಒಂದು ಭಾಗದಷ್ಟಿದ್ದ ಮಬ್ಬುಗೆಂಪಿನ ಜೇಡಗಳು ಸಾವಿರಗಟ್ಟಲೆ. ಇಂಗ್ಲೆಂಡಿನ ಶರತ್ಕಾಲದ ದಿನ ಅವನಿಗೆ ನೆನಪಾಯಿತು. ಒಂದು ಜೇಡಕ್ಕೆ ನೀರಿನ ಹನಿ ಕೊಟ್ಟು ನೋಡಿದ. ಬಾಯಾರಿದ ಪಯಣಿಗನಂತೆ ಅದು ಆತುರದಿಂದ ಕುಡಿಯಿತು. ಕಡಲಿಗೆ ಬಂದವೆಲ್ಲ ಮುಳುಗಿರಲಿಲ್ಲ ಎಂಬುದಂತೂ ಖಾತ್ರಿಯಾಯಿತು. ಒಂದೇ ಜೇಡದ ಹಲವು ಎಳೆಗಳು ಒಂದಕ್ಕೊಂದು ಸಿಕ್ಕು ಬೀಳದೆ ಬಿಡಿಬಿಡಿಯಾಗಿ ಹರಡಿಕೊಳ್ಳುವುದನ್ನೂ ಅವನು ಗುರುತಿಸಿದ.

ಎಳೆಗಳು ಹಾಗೆ ಬಿಡಿಬಿಡಿಯಾಗಿ ಹರಡುವುದೇಕೆ ಎಂಬುದಕ್ಕೆ ಉತ್ತರ ಸಿಗಲು ಬಹುಕಾಲ ಬೇಕಾಯಿತು. ಈಗ ತಿಳಿದಿರುವುದು ಹೀಗೆ. ಹಾರಲು ಹೊರಟ ಜೇಡ ಹುಲ್ಲಿನ ತುದಿಗೋ ಬೇಲಿಗೂಟದ ತಲೆಗೋ ಹತ್ತುತ್ತದೆ. ಮುಂಗಾಲೆತ್ತಿ ಗಾಳಿಯನ್ನು ಪರೀಕ್ಷಿಸುತ್ತದೆ. ಗಾಳಿ ಜೋರಿದ್ದರೆ ಇಳಿದುಬಿಡುತ್ತದೆ. ಸೆಕೆಂಡಿಗೆ 3 ಮೀಟರಿಗಿಂತ ಕಡಿಮೆ ವೇಗದ ಮೆಲುಗಾಳಿ ಅದಕ್ಕೆ ಬೇಕು. ಹದ ಸಿಕ್ಕರೆ ಕಾಲುಗಳ ತುದಿಯ ಮೇಲೆ ನಿಂತು, ಹೊಟ್ಟೆಯನ್ನು ಮೇಲೆತ್ತಿ ನೂಲು ಬಿಡುತ್ತದೆ. ಬರ್ಲಿನ್‌ನಲ್ಲಿ ಮೂನ್‌ಸಂಗ್ ಚೋ ಮತ್ತು ಸಂಗಡಿಗರು ಏಡಿ ಜೇಡಗಳನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಂದು ಹಾರಾಟಕ್ಕೆ ಜೇಡ ಐವತ್ತು ಅರವತ್ತು ಎಳೆಗಳನ್ನು ಬಿಡುತ್ತದೆ. ಒಂದೊಂದೂ ಸುಮಾರು 3 ಮೀಟರ್ ಉದ್ದ, ದಪ್ಪ 200 ನ್ಯಾನೋಮೀಟರಿನ ಆಸುಪಾಸು, ಅಂದರೆ ನಮ್ಮ ತಲೆಗೂದಲಿನ ನೂರರಲ್ಲೊಂದು ಪಾಲೂ ಇಲ್ಲ. ಅದೇ ವರ್ಷ ಬ್ರಿಸ್ಟಲ್‌ನ ಎರಿಕಾ ಮಾರ್ಲಿ ಮತ್ತು ಡೇನಿಯಲ್ ರಾಬರ್ಟ್ ಇನ್ನೊಂದು ಸಂಗತಿ ತೋರಿಸಿದರು. ಗಾಳಿಯಾಡದ ಪೆಟ್ಟಿಗೆಯಲ್ಲಿ ಜೇಡಗಳನ್ನಿಟ್ಟು ವಿದ್ಯುತ್ ಕ್ಷೇತ್ರವನ್ನು ಹಾಯಿಸಿದಾಗ ಅವು ಹಾರಲು ಸಜ್ಜಾದವು, ಕೆಲವು ಮೇಲೇರಿದವು. ಕ್ಷೇತ್ರವನ್ನು ನಿಲ್ಲಿಸಿದಾಗ ಇಳಿದವು. ತಿಳಿ ಹವೆಯ ದಿನ ನೆಲದಿಂದ ಮೇಲೆ ಪ್ರತಿ ಮೀಟರಿಗೆ ಸುಮಾರು 100 ವೋಲ್ಟಿನಷ್ಟು ವಿದ್ಯುತ್ ವ್ಯತ್ಯಾಸ ವಾತಾವರಣದಲ್ಲಿ ಇದ್ದೇ ಇರುತ್ತದೆ. ಜೇಡದ ಕಾಲಿನ ಮೇಲಿನ ನವಿರುಗೂದಲುಗಳಿಗೆ ಅದು ತಿಳಿಯುತ್ತದೆ. ಒಂದೇ ಬಗೆಯ ವಿದ್ಯುದಂಶ ಹೊತ್ತ ಎಳೆಗಳು ಒಂದನ್ನೊಂದು ದೂಡುವುದರಿಂದ ಬಿಡಿಬಿಡಿಯಾಗಿ ಹರಡುತ್ತವೆ. ವಿದ್ಯುತ್ತಿನ ಊಹೆ ಡಾರ್ವಿನ್ನನ ಕಾಲಕ್ಕೇ ಇತ್ತು, ಪೆಟ್ಟಿಗೆಯ ಪ್ರಯೋಗ ಮಾತ್ರ ಆಗಿರಲಿಲ್ಲ.

ಹೆಚ್ಚಿನ ಜೇಡಗಳು ಕೆಲವೇ ಮೀಟರು ಹಾರಿ ಇಳಿಯುತ್ತವೆ. ಆದರೆ 1920ರ ದಶಕದ ಕೊನೆಯಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಪಿ.ಎ. ಗ್ಲಿಕ್ ವಿಮಾನಕ್ಕೆ ಬಲೆ ಕಟ್ಟಿ ಹುಳ ಹಿಡಿದಾಗ 15,000 ಅಡಿ ಎತ್ತರದಲ್ಲೂ ಜೇಡ ಸಿಕ್ಕಿತು. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದು ದ್ವೀಪವೆಲ್ಲ ಬೂದಿಯಾದ ಮೇಲೆ, 1884ರ ಮೇ ತಿಂಗಳಲ್ಲಿ ಅಲ್ಲಿಗೆ ಹೋದ ಫ್ರೆಂಚ್ ತಂಡದ ಕಣ್ಣಿಗೆ ಬಿದ್ದ ಒಂದೇ ಒಂದು ಜೀವಿ ನೂಲು ಬಿಡುತ್ತ ಕೂತ ಪುಟ್ಟ ಜೇಡ. ಕಾಡು ಮರಳಿ ಹುಟ್ಟುವ ಮೊದಲು ಗಾಸಮರ್ ಬಂದು ಇಳಿದಿತ್ತು. 2021ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಗಿಪ್ಸ್‌ಲ್ಯಾಂಡ್‌ನಲ್ಲಿ ಪ್ರವಾಹ ಬಂದಾಗ ಅಲ್ಲಿನ ಜೇಡಗಳು ಎತ್ತರಕ್ಕೆ ಏರಲು ಬಿಟ್ಟ ನೂಲು ರಸ್ತೆಬದಿಯ ಗಿಡ, ಫಲಕ, ಬೇಲಿಗಳನ್ನೆಲ್ಲ ಮುಚ್ಚಿ ಗಾಳಿಗೆ ಅಲೆಯೆದ್ದ ಚಿತ್ರಗಳನ್ನು ಪತ್ರಿಕೆ ಓದುವವರು ಮರೆತಿರಲಾರರು.

ಇಷ್ಟು ತಿಳಿದ ಮೇಲೆ ಸಾಹಿತ್ಯದ ಪ್ರಯೋಗಗಳನ್ನು ನೋಡಿದರೆ, ಒಳ್ಳೆಯ ಕವಿಗಳು ವಿಜ್ಞಾನ ಬರುವ ಮೊದಲೇ ಪದದ ತೂಕ ಬಲ್ಲವರಾಗಿದ್ದರು ಎಂಬುದು ಕಾಣುತ್ತದೆ. ಶೇಕ್ಸ್‌ಪಿಯರ್ ಇದನ್ನು ‘ರೋಮಿಯೊ ಜೂಲಿಯೆಟ್’ನಲ್ಲಿ ತರುತ್ತಾನೆ: ಪ್ರೇಮಿಯ ಹೆಜ್ಜೆ ಎಷ್ಟು ಹಗುರವೆಂದರೆ ಗಾಸಮರ್ ಮೇಲೆ ನಡೆದರೂ ಬೀಳಲಾರ ಎನ್ನುತ್ತಾನೆ ಪಾದ್ರಿ. ‘ಕಿಂಗ್ ಲಿಯರ್’ನಲ್ಲಿ ಮತ್ತೆ ತರುತ್ತಾನೆ. ಎಂ.ಎಸ್. ಪುಟ್ಟಣ್ಣನವರ ‘ಹೇಮಚಂದ್ರರಾಜ ವಿಲಾಸ’ದ ಮೂಲಕ ಕನ್ನಡಕ್ಕೆ ಬಹಳ ಹಿಂದೆಯೇ ಬಂದ ಕತೆ ಅದು. ಕುರುಡ ಗ್ಲಾಸ್ಟರ್ ಬಂಡೆಯ ಅಂಚಿನಿಂದ ಹಾರಿದೆನೆಂದು ನಂಬಿ ನೆಲದ ಮೇಲೆ ಬಿದ್ದಿದ್ದಾನೆ. ಗರಿ, ಗಾಳಿ, ಗಾಸಮರ್ ಬಿಟ್ಟು ಬೇರೇನಾಗಿದ್ದರೂ ನೀನು ಮೊಟ್ಟೆಯಂತೆ ಒಡೆದುಹೋಗಬೇಕಿತ್ತು ಎಂದು ಮಗ ಹೇಳುತ್ತಾನೆ. ಒಡೆಯುವುದು ಮೊಟ್ಟೆ, ಉಳಿಯುವುದು ಗಾಸಮರ್. ಎರಡನ್ನೂ ಒಂದೇ ಉಸಿರಿನಲ್ಲಿ ಇಟ್ಟ ಆ ಮಾತು ಯಾವ ಕೋಶಕ್ಕಿಂತಲೂ ಚೆನ್ನಾಗಿ ಅರ್ಥ ಬಿಡಿಸುತ್ತದೆ.

ಅಮೆರಿಕದ ಇಬ್ಬರು ಕವಿಗಳನ್ನು ಇಲ್ಲಿ ಬಿಡುವಂತಿಲ್ಲ. ವಾಲ್ಟ್ ವಿಟ್ಮನ್ ತನ್ನ ಮೌನ ಜೇಡದ ಕವಿತೆಯಲ್ಲಿ ಆತ್ಮ ಎಸೆಯುವ ಎಳೆ ಎಲ್ಲಾದರೂ ತಗುಲಿಕೊಳ್ಳಲಿ ಎಂದು ಹಾರೈಸುವಾಗ ಬಳಸುವ ಪದ ಗಾಸಮರ್. ಅಲ್ಲಿ ಅದು ಅಲಂಕಾರವಲ್ಲ, ಸೇತುವೆ ಕಟ್ಟುವ ಮೊದಲ ಎಳೆ. ಎಮಿಲಿ ಡಿಕಿನ್ಸನ್ ಸಾವಿನ ಗಾಡಿಯಲ್ಲಿ ಹೊರಟ ಹೆಣ್ಣಿಗೆ ಗಾಸಮರ್ ನಿಲುವಂಗಿ ತೊಡಿಸುತ್ತಾಳೆ. ಇಬ್ಬನಿ ಬಿದ್ದು ಚಳಿ ಹತ್ತುವ ಹೊತ್ತು ಅದು. ಪದದ ಋತುವನ್ನೂ ಹೊತ್ತನ್ನೂ ಮರೆಯದ ಕವಿ. 1890ರಲ್ಲಿ ಆ ಕವಿತೆಯನ್ನು ಮೊದಲು ಅಚ್ಚು ಮಾಡಿದವರು ಆ ಪದ್ಯಭಾಗವನ್ನೇ ಕೈಬಿಟ್ಟರು. ಸಂಪಾದಕರು ಯಾವ ದೇಶದಲ್ಲಾದರೂ ಒಂದೇ.

ಮಾರುಕಟ್ಟೆ ಈ ಪದವನ್ನು ಬಿಟ್ಟಿರುತ್ತದೆಯೇ? 19ನೇ ಶತಮಾನದಲ್ಲಿ ತೆಳು ಜಾಲರಿ ಬಟ್ಟೆ ಗಾಸಮರ್ ಆಯಿತು, ಹಗುರ ಟೋಪಿ ಗಾಸಮರ್ ಆಯಿತು, ಅಮೆರಿಕದ ಹೆಂಗಸರ ಮಳೆಯಂಗಿ ಗಾಸಮರ್ ಆಯಿತು. ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಸ್ಯಾಮ್ ವೆಲ್ಲರ್ ತನ್ನ ತೂತುಬಿದ್ದ, ಅಂಚು ಕಳೆದುಕೊಂಡ ಹಳೆ ಟೋಪಿಯನ್ನು ಗಾಳಿಯಾಡುವ ಗಾಸಮರ್ ಎಂದು ಹೊಗಳಿಕೊಳ್ಳುವುದು ಈ ಜಾಹೀರಾತು ಭಾಷೆಯ ಅಣಕ. 20ನೇ ಶತಮಾನದಲ್ಲಿ ಬ್ರಿಟನ್ನಿನ ಹೆಸರಾಂತ ಕಂಪನಿಯೊಂದರ ನಿರೋಧ್‌ಗೂ ಇದೇ ಹೆಸರು ಬಿತ್ತು. ಸ್ಪೆನ್ಸರ್ ನಕ್ಕಿರುತ್ತಿದ್ದ.

ಬಟ್ಟೆಯ ಮಾತು ಬಂದಾಗ ಢಾಕಾದ ಮಸ್ಲಿನ್ ನೆನಪಾಗಲೇಬೇಕು. ಇಂಗ್ಲಿಷರು ಆ ಬಟ್ಟೆಗೆ ಬಳಸಿದ ಮೆಚ್ಚುಗೆಯ ಮಾತುಗಳಲ್ಲಿ ಗಾಸಮರ್ ಮುಂದಿನ ಸಾಲಿನದು. ಮೇಘನಾ ನದಿಯ ದಂಡೆಯ ‘ಫುಟಿ ಕಾರ್ಪಾಸ್’ ಎಂಬ ಹತ್ತಿಯಿಂದ ನೇಯುತ್ತಿದ್ದ ಆ ಬಟ್ಟೆಗಳಿಗೆ ಅಲ್ಲಿಯವರು ಇಟ್ಟ ಹೆಸರುಗಳು ಇಂಗ್ಲಿಷ್ ಪದಕ್ಕಿಂತ ಒಂದು ಕೈ ಮೇಲು. ‘ಆಬ್-ಎ-ರವಾನ್’ ಎಂದರೆ ಹರಿಯುವ ನೀರು. ‘ಶಬ್ನಮ್’ ಎಂದರೆ ಇಬ್ಬನಿ. ಒದ್ದೆ ಮಾಡಿ ಹುಲ್ಲಿನ ಮೇಲೆ ಹರಡಿದರೆ ಬಟ್ಟೆಯೇ ಕಾಣದು ಎಂಬ ಕಾರಣಕ್ಕೆ. ಅತ್ತ ಇಂಗ್ಲೆಂಡಿನ ಕವಿ ನೂಲನ್ನು ಇಬ್ಬನಿ ಎಂದು ತಪ್ಪು ತಿಳಿದ. ಇತ್ತ ಬಂಗಾಳದ ನೇಕಾರ ಇಬ್ಬನಿ ಅನ್ನಿಸುವಂಥ ನೂಲನ್ನು ಬೇಕೆಂದೇ ನೇಯ್ದ.

ಪದಕ್ಕೆ ಅದರ ನಿಜವಾದ ಅರ್ಥವನ್ನು ಮರಳಿ ಕೊಟ್ಟವನು ಕವಿಯಲ್ಲ, ಸಾಲದಲ್ಲಿದ್ದ ಒಬ್ಬ ಎಂಜಿನಿಯರ್. ಕ್ಯಾಲಿಫೋರ್ನಿಯಾದ ಪಾಲ್ ಮೆಕ್ರೆಡಿ ಸಂಬಂಧಿಕರೊಬ್ಬರ ಸಾಲಕ್ಕೆ ಜಾಮೀನು ನಿಂತು ಸುಮಾರು ಒಂದು ಲಕ್ಷ ಡಾಲರ್ ಹೊರೆ ಹೊತ್ತಿದ್ದರು. ಮನುಷ್ಯ ತನ್ನ ಕಾಲಿನ ಬಲದಿಂದಲೇ ವಿಮಾನ ಹಾರಿಸಿ, ಎಂಟರ ಅಂಕಿಯ ಆಕಾರದಲ್ಲಿ ಸುತ್ತಿ ತೋರಿಸಿದರೆ ಬ್ರಿಟನ್ನಿನ ಹೆನ್ರಿ ಕ್ರೆಮರ್ ಇಟ್ಟಿದ್ದ ಬಹುಮಾನ 50,000 ಪೌಂಡ್. 1959ರಿಂದ ಯಾರಿಗೂ ದಕ್ಕದ ಆ ಬಹುಮಾನದ ಮೊತ್ತ ತಮ್ಮ ಸಾಲದ ಮೊತ್ತಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ ಎಂದು ಹೊಳೆದದ್ದೇ ಮೆಕ್ರೆಡಿ ಲೆಕ್ಕ ಹಾಕತೊಡಗಿದರು. ಬೇರೆಯವರು ಗಟ್ಟಿಯಾಗಿ, ಚಂದವಾಗಿ ವಿಮಾನ ಕಟ್ಟುತ್ತಿದ್ದರು. ಇವರು ರೆಕ್ಕೆಯನ್ನು ವಿಪರೀತ ಅಗಲ ಮಾಡಿದರು, ಭಾರವನ್ನು ವಿಪರೀತ ಇಳಿಸಿದರು. ಅಲ್ಯುಮಿನಿಯಂ ಕೊಳವೆ, ಪಿಯಾನೋ ತಂತಿ, ಮೇಲೆ ಮೈಲಾರ್ ಹಾಳೆ; ತೂಕ ಸುಮಾರು 32 ಕಿಲೋ. ಬಿದ್ದರೆ ಅಂಟುಪಟ್ಟಿ ಹಚ್ಚಿ ಮತ್ತೆ ಹಾರಿಸುವುದು. 1977ರ ಆಗಸ್ಟ್ 23ರಂದು ಸೈಕಲ್ ಪಟು ಬ್ರಯನ್ ಆಲೆನ್ ಅದನ್ನು ತುಳಿದು ಹಾರಿಸಿ ಬಹುಮಾನ ಗೆದ್ದರು. ಅದರ ಹೆಸರು ‘ಗಾಸಮರ್ ಕಾಂಡೊರ್’.

ಎರಡು ವರ್ಷದ ಬಳಿಕ, 1979ರ ಜೂನ್ 12ರಂದು, ಅದೇ ಆಲೆನ್ ‘ಗಾಸಮರ್ ಆಲ್ಬಟ್ರಾಸ್’ ತುಳಿಯುತ್ತ ಇಂಗ್ಲೆಂಡಿನ ಫೋಕ್‌ಸ್ಟನ್‌ನಿಂದ ಫ್ರಾನ್ಸಿನ ಗ್ರೀ ನೇ ಭೂಶಿರಕ್ಕೆ ಇಂಗ್ಲಿಷ್ ಕಾಲುವೆಯನ್ನು ದಾಟಿದರು. ಹಿಡಿದ ಹೊತ್ತು 2 ಗಂಟೆ 49 ನಿಮಿಷ. ಹೆಚ್ಚಿನ ದಾರಿ ಅಲೆಗಳಿಂದ ಕೆಲವೇ ಅಡಿ ಮೇಲೆ. ಈ ಸಲದ ಬಹುಮಾನ 1,00,000 ಪೌಂಡ್. ದೂರ ಸಾಗಬೇಕಾದರೆ ಬಲವಲ್ಲ, ಹಗುರ ಬೇಕು ಎಂಬ ಜೇಡದ ಲೆಕ್ಕವೇ ಇಲ್ಲಿನದೂ. ಹೆಸರಿಟ್ಟವರು ಪದವನ್ನು ಅಂದಕ್ಕಾಗಿ ಆರಿಸಿರಲಿಲ್ಲ. ಅಂತರಿಕ್ಷ ಎಂಜಿನಿಯರರು ಈಗ ಇದನ್ನು ಪಾರಿಭಾಷಿಕ ಪದವಾಗಿಯೇ ಬಳಸುತ್ತಾರೆ; ಮಡಿಸಿ ಒಯ್ದು ಮೇಲೆ ಬಿಚ್ಚಿ ಹರಡುವ ತೆಳುಹಾಳೆಯ ರಚನೆಗಳಿಗೆ ಗಾಸಮರ್ ರಚನೆಗಳೆಂದು ಹೆಸರು. ಜಪಾನ್ 2010ರಲ್ಲಿ ಹಾರಿಸಿದ ‘ಇಕಾರೋಸ್’ ನೌಕೆಯ ಸೌರಹಾಯಿ 14 ಮೀಟರ್ ಚೌಕದ್ದು, ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೂವರೆ ಪಾಲು.

ನೂಲಿನ ಬಲದ ಬಗ್ಗೆಯೂ ಒಂದು ಮಾತು. ಜೇಡ ತಾನು ಜೋತಾಡಲು ಬಳಸುವ ಎಳೆ, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಹಲವು ಪಟ್ಟು ಗಟ್ಟಿ. ಹಳೆಯ ದೂರದರ್ಶಕಗಳ, ಸರ್ವೆ ಉಪಕರಣಗಳ ಕಣ್ಣಿನೊಳಗೆ ಅಡ್ಡ ಉದ್ದ ಗೆರೆಗಳಾಗಿ ಕೂರಿಸುತ್ತಿದ್ದದ್ದು ಜೇಡನ ನೂಲನ್ನೇ. ಅಷ್ಟು ಸಣ್ಣದೂ ಅಷ್ಟು ಬಾಳಿಕೆಯದೂ ಆದ ಎಳೆಯನ್ನು ಆಗ ಮನುಷ್ಯ ಎಳೆಯಲಾರದವನಾಗಿದ್ದ.

ಹಾಗಾದರೆ ಇಂಗ್ಲಿಷ್ ಬರೆಯುವವರು ಇದನ್ನು ಎಲ್ಲಿ ಬಳಸಬೇಕು? ಮುರಿಯುವ ಗಾಜಿಗೆ ‘ಫ್ರಾಜೈಲ್’ ಇದೆ, ಸೊರಗಿದ ದೇಹಕ್ಕೆ ‘ಫ್ರೇಲ್’ ಇದೆ. ಎರಡೂ ಒಡೆಯುವುದು ಎಂಬರ್ಥದ ಒಂದೇ ಲ್ಯಾಟಿನ್ ಬೇರಿನವು. ಆಚೆ ಕಡೆ ಕಾಣಿಸುವುದಕ್ಕೆ ಗ್ರೀಕ್ ಮೂಲದ ‘ಡಯಾಫನಸ್’ ಇದೆ. ಕಳಪೆ ಬಟ್ಟೆಗೂ ಕಳಪೆ ನೆಪಕ್ಕೂ ‘ಫ್ಲಿಮ್ಸಿ’ ಇದೆ. ಗಾಸಮರ್‌ನಲ್ಲಿ ಬೈಗುಳ ಇಲ್ಲ, ಹಾರಾಟ ಇದೆ. ಕೀಟ ಬಲ್ಲವರು ಲೈಕೆನಿಡೇ ಕುಟುಂಬದ ಪುಟ್ಟ ಚಿಟ್ಟೆಗಳನ್ನು ಗಾಸಮರ್ ರೆಕ್ಕೆಯ ಚಿಟ್ಟೆಗಳು ಎನ್ನುವುದು ಸರಿಯಾದ ಬಳಕೆ. ಬೆಂಗಳೂರಿನ ಕೈತೋಟದ ಕಾಡುಬಸಳೆಯ ಸುತ್ತ ಸುಳಿಯುವ ‘ರೆಡ್ ಪಿಯರೊ’ ಆ ಕುಟುಂಬದ್ದು. ಮದುವೆಮನೆಯ ಭಾರಿ ಜರಿ ಸೀರೆಗೆ ಗಾಸಮರ್ ಎನ್ನುವುದು ಸುಳ್ಳು ಜಾಹೀರಾತು.

ಕನ್ನಡಕ್ಕೆ ತರುವವರಿಗೆ ಈ ತಾರತಮ್ಯ ಕಷ್ಟವೇನಲ್ಲ. ಫ್ಲಿಮ್ಸಿಗೆ ನಮ್ಮಲ್ಲಿ ಜಾಳು ಇದೆ: ಜಾಳು ಬಟ್ಟೆ, ಜಾಳು ವಾದ. ಎಚ್ಚರದಿಂದ ಹಿಡಿಯಬೇಕಾದದ್ದಕ್ಕೆ ನಾಜೂಕು ಇದೆ. ಗಾಸಮರ್‌ಗೆ ಹತ್ತಿರವಾದದ್ದು ನವಿರು, ಅದಕ್ಕಿಂತ ಹತ್ತಿರದ್ದು ಎಳೆ. ಹೊಸಗನ್ನಡದಲ್ಲಿ ಎಳೆ ಎಂದರೆ ನೂಲು. ಎಳೆಬಿಸಿಲು, ಎಳೆಗರು ಎನ್ನುವಾಗ ಅದೇ ಎಳೆ ಮೃದು, ಹೊಸತು. ಮೂಲದಲ್ಲಿ ಇವು ಬೇರೆ ಬೇರೆ ಪದಗಳು, ಹಳಗನ್ನಡದ ನೂಲಿನ ಎೞೆಯಲ್ಲಿ ಇದ್ದದ್ದು ೞಕಾರ, ಎಳತಿನಲ್ಲಿ ಇದ್ದದ್ದು ಳಕಾರ. ೞ ಬಿದ್ದುಹೋದದ್ದರಿಂದ ಎರಡೂ ಒಂದಾದವು. ಭಾಷೆಯ ಆಕಸ್ಮಿಕ ಕೊಟ್ಟ ಈ ಸೌಲಭ್ಯವನ್ನು ಅನುವಾದಕ ಬಳಸಿಕೊಳ್ಳಬಹುದು.

ಜೇಡದ ವಿಷಯದಲ್ಲಂತೂ ಕನ್ನಡ ಹಿಂದೆ ಬಿದ್ದಿಲ್ಲ. ಇಂಗ್ಲಿಷಿನ ಸ್ಪೈಡರ್ ನೂಲುವವನು ಎಂಬರ್ಥದ ಮೂಲದಿಂದ ಬಂದದ್ದು. ಕನ್ನಡದ ಜೇಡ ಎಂದರೆ ಹುಳವೂ ಹೌದು, ನೇಕಾರನೂ ಹೌದು; ವಚನಕಾರ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಆ ಕಸುಬು. ಸಂಸ್ಕೃತದ ಊರ್ಣನಾಭ ಎಂದರೆ ಹೊಕ್ಕುಳಲ್ಲಿ ಉಣ್ಣೆಯುಳ್ಳದ್ದು. ಮುಂಡಕೋಪನಿಷತ್ತು ಜಗತ್ತಿನ ಹುಟ್ಟಿಗೆ ಜೇಡವನ್ನು ಹೋಲಿಸುವಾಗ ನೂಲು ಎಷ್ಟು ಬಲಹೀನ ಎಂದು ನೋಡಲಿಲ್ಲ, ಅದು ಒಳಗಿನಿಂದ ಬರುತ್ತದೆ ಎಂಬುದನ್ನು ನೋಡಿತು.

ಹಾರುವ ಜೇಡ ನಮ್ಮ ಹೊಲಕ್ಕೂ ಬರುತ್ತದೆ. ಏಷ್ಯಾದ ಭತ್ತದ ಗದ್ದೆಗಳಲ್ಲಿ ನಾಟಿಯಾದ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುವ ಜೇಡಗಳಲ್ಲಿ ಹಲವು ಬರುವುದು ನೂಲಿನ ಮೇಲೆ ತೇಲಿಕೊಂಡೇ. ಬಂದು ಅವು ತಿನ್ನುವುದು ಕಂದು ಜಿಗಿಹುಳುವಿನಂಥ ಪೀಡೆಗಳನ್ನು. ಮೊದಲ ವಾರಗಳಲ್ಲೇ ಕೀಟನಾಶಕ ಹೊಡೆದರೆ ಈ ಅತಿಥಿಗಳು ಮೊದಲು ಸಾಯುತ್ತವೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ.

ಹಾಗಾದರೆ ಈ ತೇಲುವ ನೂಲಿಗೆ ಕನ್ನಡದ್ದೇ ಹೆಸರು ಇದೆಯೇ? ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮುಖ್ಯವಾಗಿ ಶಾಸನ ಮತ್ತು ಗ್ರಂಥಗಳಿಂದ ಪದ ಆರಿಸಿಕೊಂಡದ್ದು. ಗದ್ದೆಯ ಬದುವಿನ ಮೇಲೆ ಆಡುವ ಮಾತೆಲ್ಲ ಅದಕ್ಕೆ ಬಂದಿಲ್ಲ. ಸಭೆಯಲ್ಲಿ ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿದ್ದಾರೆ, ಈ ಪುಸ್ತಿಕೆ ಓದುವವರಲ್ಲಿ ಬೇಸಾಯ ಬಲ್ಲವರಿದ್ದಾರೆ. ಸುಗ್ಗಿಯ ಬೆಳಗಿನಲ್ಲಿ ಕೂಳೆಯ ಮೇಲೆ ಇಬ್ಬನಿ ಹೊತ್ತು ತೇಲುವ ಈ ಎಳೆಗೆ ಅವರ ಊರಿನಲ್ಲಿ, ಅವರ ಅಜ್ಜಿಯ ಬಾಯಲ್ಲಿ ಹೆಸರಿದ್ದರೆ, ಊರು, ತಾಲ್ಲೂಕು, ಹೇಳಿದವರ ಕಸುಬು ಸಮೇತ ಅದನ್ನು ಬರೆದಿಟ್ಟು ಹತ್ತಿರದ ಕನ್ನಡ ಅಧ್ಯಯನ ವಿಭಾಗಕ್ಕೆ ಮುಟ್ಟಿಸಬೇಕು ಎಂದು ಕೇಳಿಕೊಳ್ಳುವುದಿದೆ.